ಬಣ್ಣಗೆಟ್ಟ ಒಣದ್ರಾಕ್ಷಿ

ನಾನು ಗೌಂಡಿ. ಗೋಡೆಯ ಗಿಲಾವು ಎಷ್ಟು ಒಣಗಿದೆ ಎಂದು ಬಣ್ಣ ನೋಡಿಯೇ ಹೇಳುತ್ತೇನೆಂಬ ಜಂಬ ನನಗಿದೆ. ಅಂಥವನ ತಲೆಯ ಮೇಲೆಯೇ ಎರಡು ಸೇರು ಒಣದ್ರಾಕ್ಷಿ ಬಣ್ಣಗೆಟ್ಟಿತು, ನನಗೆ ತಿಳಿಯಲಿಲ್ಲ. ಈ ಮಾತು ನಿಮ್ಮಲ್ಲೇ ಇರಲಿ.

ಮಗಳು ಶಾಂತಾಳನ್ನು ವಿಜಾಪುರದ ಕಡೆ ದ್ರಾಕ್ಷಿ ಬೆಳೆಯುವವರ ಮನೆಗೆ ಗೊತ್ತು ಮಾಡಿದ್ದೆವು. ನಿಶ್ಚಯದ ದಿನ ಬೀಗತಿ ಅವಳ ಉಡಿಗೆ ಕೊಬ್ಬರಿ, ಉತ್ತತ್ತಿಯ ಜೊತೆ ತಮ್ಮ ತೋಟದ ಗಿಳಿಹಸಿರು ಒಣದ್ರಾಕ್ಷಿಯನ್ನೂ ಹಾಕಿ, "ಲಗ್ನದ ತಾರೀಖು ಹಿಡ್ಯಾಕ ಬಂದಾಗ ಇವನ್ನ ಹುಗ್ಗಿಗೆ ಹಾಕ್ರಿ" ಎಂದಿದ್ದರು. ಅದು ಅವರ ಮನೆತನದ ವಾಡಿಕೆ. ಉಡಿಯ ಸಾಮಾನು ಕೆಡಿಸಿದರೆಂದು ಹಿಂದೊಂದು ಸಂಬಂಧವನ್ನೇ ಬಿಟ್ಟಿದ್ದರೆಂಬ ಸುದ್ದಿ ಆಮೇಲೆ ಕಿವಿಗೆ ಬಿತ್ತು.

ಊರಲ್ಲಿ ನಮ್ಮವ್ವ ದ್ರಾಕ್ಷಿಯನ್ನು ಅರಿವೆ ಚೀಲದಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದಳು. ಮಣ್ಣಿನ ಮಾಳಿಗೆ ಮನೆ, ಒಣ ಗಾಳಿ. ದುಡಿಯಲು ಬಂದ ಗೋವಾದ ಸಾಂಖಳಿಯ ಬಾಡಿಗೆ ಖೋಲಿಯಲ್ಲಿ ನಾನೂ ಹಾಗೆಯೇ ಮಾಡಿದೆ. ಇಲ್ಲಿ ಮೇಲೆ ತಗಡು. ಬೇಸಿಗೆಯಲ್ಲಿ ಕೆಂಡದ ಕಾವು, ಮಳೆಗಾಲದಲ್ಲಿ ಗೋಡೆಗೂ ಬೆವರು. ನೆರಳಲ್ಲಿ ಒಣಗಿಸಿ ಉಳಿಸಿಕೊಂಡ ಹಸಿರು ಕಾವಿಗೂ ತೇವಕ್ಕೂ ನಿಲ್ಲುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತಂಪಿನಲ್ಲಿಡಬೇಕು. ಈ ಪಾಂಡಿತ್ಯ ನನಗೆ ಬಂದದ್ದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮಳೆಗಾಲ ಮುಗಿಯುತ್ತಲೇ ಹೊಸದಾಗಿ ಕೊಂಡ ಮೊಬೈಲಿಗೆ "ನಾಡದ ಬರ್ತೀವ್ರಿ" ಎಂದು ಬೀಗರ ಫೋನು ಬಂತು. ಚೀಲ ಬಿಚ್ಚಿದರೆ ದ್ರಾಕ್ಷಿಯೆಲ್ಲ ಹಳೇ ಬೆಲ್ಲದ ಬಣ್ಣ!

"ನಿಮ್ಮವ್ವನ ಚೀಲದ ಶಾಣ್ಯಾತನ ನನ್ನ ಮಗಳ ಲಗ್ನಾ ಕೆಡಸ್ತೈತಿ ನೋಡ್ರಿ" ಎಂದು ಹೆಂಡತಿ ಅತ್ತಳು. ನಾನು ಮ್ಹಾಪ್ಸಾ ಪೇಟೆಗೆ ಓಡಿ ಹಸಿರು ಒಣದ್ರಾಕ್ಷಿ ಕೊಂಡು ತಂದೆ. ಶಾಂತಾ ಮುಟ್ಟಲಿಲ್ಲ.

"ಮೊದಲನೇ ಊಟಕ್ಕ ಸುಳ್ಳು ಬಡಸಾಕ ನನ್ನ ಕೈಲೆ ಆಗೂದಿಲ್ಲಪ್ಪಾ."

ಬೀಗರು ಬಂದು ಕೂತರು. ಶಾಂತಾ ಹುಗ್ಗಿಯ ಮೇಲೆ ಆ ಕಂದು ದ್ರಾಕ್ಷಿಯನ್ನೇ ಉದುರಿಸಿ ತಂದಿಟ್ಟಳು. ಬೀಗತಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇವು ನಾವು ಕೊಟ್ಟವ ಏನ್ರಿ?"

ಆ ಚೀಲ ಇಲಿಯ ಪಾಲಾಯಿತೆಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಾಂತಾಳೇ ಹೇಳಿಬಿಟ್ಟಳು: "ಹೌದ್ರಿ ಅತ್ತಿ. ತಗಡಿನ ಕೆಳಗಿಟ್ಟು ನಾವ ಕೆಡಿಸೀವ್ರಿ."

ಬೀಗತಿ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ನಮ್ಮಣ್ಣ ವಾಸ್ಕೋದ ಬಂದರದಾಗ ದುಡೀತಿದ್ದ. ವರ್ಷಾ ಇವನ್ನ ಕಳಸ್ತಿದ್ದೆ. ಗೋವಾದ ಮಳಿಗಾಲ ದಾಟಿ ಹಸರ ಉಳದ ದ್ರಾಕ್ಷಿ ನಾ ಒಮ್ಮಿನೂ ಕಂಡಿಲ್ರಿ. ಇವತ್ತ ಹಸರ ಇಟ್ಟಿದ್ರ ಎದ್ದು ಹೋಗ್ತಿದ್ದೆ. ಬಾ ತಂಗಿ, ನನ್ನ ಬಾಜೂಕ ಕೂಡು."

ನಾನೂ ಒಂದು ದ್ರಾಕ್ಷಿ ಬಾಯಿಗಿಟ್ಟು, ನಾಲಿಗೆಯ ಮೇಲಿದ್ದ ಸುಳ್ಳನ್ನೂ ಅದರ ಜೊತೆಗೇ ನುಂಗಿದೆ. ರುಚಿ ಮಾತ್ರ ಕೆಟ್ಟಿರಲಿಲ್ಲ.