ಗೋದಾಮಿನ ಹಾವಿಗೂ ಶ್ರಾವಣ

ಮೊಟ್ಟೆ ಮಾರುವ ಅಂಗಡಿಯಲ್ಲಿ ಉಪ್ಪನ್ನೂ ಕೊಳ್ಳದ ಮನೆತನ ನಮ್ಮದು. ಅಂಥ ಮನೆಯ ಯಜಮಾನನಾದ ನಾನು ವಾರಕ್ಕೆರಡು ಸಲ, ಅದೂ ಹಣೆಗೆ ವಿಭೂತಿ ಹಚ್ಚಿಕೊಂಡು, ಜೀವಂತ ಇಲಿ ಬಡಿಸುತ್ತೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಗಾಬರಿಯಾಗಬೇಡಿ, ಉಣ್ಣುವುದು ನಾನಲ್ಲ.

ಶಿಗ್ಗಾಂವದಲ್ಲಿ ನಮ್ಮದೊಂದು ಕಾಳುಕಡಿಯ ಅಂಗಡಿ, ಹಿಂದೆ ಗೋದಾಮು. ಅಲ್ಲಿ ಮೆಕ್ಕೆಜೋಳದ ಚೀಲಗಳ ಹಿಂದೆ ಒಂದು ಕೇರೆ ಹಾವು ಮೂರು ವರ್ಷದಿಂದ ಯಾರ ಅಪ್ಪಣೆಯೂ ಇಲ್ಲದೆ ವಾಸವಾಗಿದೆ. ಸಾಕಿದ್ದೇನೆ ಎಂದರೆ ಜಂಬವಾದೀತು. ಅದು ನನ್ನನ್ನು ಸಹಿಸಿಕೊಂಡಿದೆ. ಬೋನಿಗೆ ಬಿದ್ದ ಇಲಿಯನ್ನು ಅದರ ಮೂಲೆಗೆ ಒಯ್ದು, ಬಾಗಿಲು ಎತ್ತಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನೋಡದಿದ್ದರೆ ಪಾಪ ಅರ್ಧವಾಗುತ್ತದೆಂಬ ನಂಬಿಕೆ ನನ್ನದು.

ಈ ವರ್ಷ ಶ್ರಾವಣ ಬಂದದ್ದೇ ತಡ, ನನ್ನ ಹೆಂಡತಿ ಗಿರಿಜಾ ಗೋದಾಮಿಗೂ ವ್ರತ ವಿಧಿಸಿದಳು.

"ತಿಂಗಳ ಮುಗಿಯೂತನಕ ನಮ್ಮ ಕೈಯಿಂದ ಜೀವ ತಗಿಯೂದು ಬ್ಯಾಡ್ರಿ. ಇಲಿ ಹೊಲದಾಗ ಬಿಟ್ಟು ಬರ್ರಿ."

"ಹಾವು ಏನು ತಿನ್ನಬೇಕ?"

"ಹಾಲು ಇಡ್ತೇನಿ. ಪಂಚಮಿ ಉಂಡಿನೂ ಅದಾವ."

ಹಾವಿನ ನಾಲಗೆ ಇರುವುದು ವಾಸನೆ ಹಿಡಿಯಲಿಕ್ಕೆ, ಹಾಲು ನೆಕ್ಕಲಿಕ್ಕಲ್ಲ ಎಂದು ಎಲ್ಲೋ ಓದಿದ್ದನ್ನು ಹೇಳಲು ಬಾಯಿ ತೆರೆದೆ. ಮೂವತ್ತು ವರ್ಷದ ಸಂಸಾರ ಅದನ್ನು ಮುಚ್ಚಿಸಿತು. ಕೈಲಾಸದಲ್ಲಿ ಅಪ್ಪನ ಕೊರಳಲ್ಲಿ ಹಾವು, ಮಗನ ಕಾಲಡಿಯಲ್ಲಿ ಇಲಿ. ಎರಡೂ ಒಂದೇ ಸೂರಿನಡಿ ಇವೆ. ಆ ಮನೆಯ ಗೃಹಿಣಿ ಊಟದ ಹೊತ್ತನ್ನು ಹೇಗೆ ಸುಧಾರಿಸುತ್ತಾಳೋ, ಯಾವ ಪುರಾಣಿಕರೂ ನನಗೆ ಹೇಳಿಲ್ಲ.

ಹೀಗಾಗಿ ನಾನು ಇಲಿಗಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು, ಹೆದ್ದಾರಿ ದಾಟಿಸಿ, ಹೊಲಕ್ಕೆ ಬಿಟ್ಟು ಬರತೊಡಗಿದೆ. ಗೋದಾಮಿನಲ್ಲಿ ಹಾಲು ಕೆನೆಗಟ್ಟಿತು, ಉಂಡಿಗೆ ಇರುವೆ ಮುತ್ತಿದವು. ಎರಡನೆಯ ವಾರ ಹಾವು ಕಾಣಲಿಲ್ಲ. ಅದು ಮರೆಯಾದ ಮೇಲೆ ಇಲಿಗಳು ಮಾತ್ರ ಹಾಲು, ಉಂಡಿ ಎರಡನ್ನೂ ಮೆಚ್ಚಿ ಬಂಧುಬಳಗ ಸಮೇತ ಬಂದವು. ಚೀಲ ತೂತಾದದ್ದಕ್ಕಿಂತ ಆ ಮೂಲೆ ಖಾಲಿಯಾದದ್ದೇ ನನ್ನನ್ನು ಹೆಚ್ಚು ಕಾಡಿತು. ಮುಂಜಾನೆ ಬಾಗಿಲು ತೆರೆದೊಡನೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ದುಃಖವಾಗಿತ್ತು.

ಒಂದು ದಿನ ನಮ್ಮ ಹಮಾಲ ಮೌಲಾಸಾಬ ಚೀಲ ಇಳಿಸುತ್ತ ಸುದ್ದಿ ಕೊಟ್ಟ. "ಸಾವಕಾರ್ರ, ನಿಮ್ಮ ಹಾವು ಬಾಜೂ ಗೋದಾಮಿನ್ಯಾಗ ಐತ್ರಿ. ಅಲ್ಲಿ ಬೋನು ಇಡೂದಿಲ್ಲ, ಇಲಿ ಸಿಗ್ತಾವ. ಬರೇ ಹಾಲು ಇಟ್ಟು ಉಪವಾಸ ಕೆಡವಿದ್ರ ಯಾರು ಇರ್ತಾರ್ರಿ?"

ಮನೆಗೆ ಹೋಗಿ ಗಿರಿಜಾಳಿಗೆ ಹೇಳಿದೆ. ಹಾವು ಹೋದದ್ದಕ್ಕಿಂತ ಪಕ್ಕದವರಲ್ಲಿ ಉಣ್ಣುತ್ತಿದೆ ಎಂಬುದು ಅವಳಿಗೆ ಚುಚ್ಚಿತು. ಬಂದ ಬೀಗರನ್ನು ಎರಡನೆಯ ಸಲ ಬಡಿಸದೆ ಎಬ್ಬಿಸದ ಹೆಂಗಸು ಅವಳು.

"ನಮ್ಮಲ್ಲಿ ಇದ್ದದ್ದು ಹಸದು ಮಂದಿ ಮನಿಗೆ ಹೋತೇನ್ರಿ?" ಎಂದಳು.

ಮರುದಿನ ಶ್ರಾವಣ ಸೋಮವಾರ. ಒಪ್ಪೊತ್ತಿನ ವ್ರತ ಹಿಡಿದ ಗಿರಿಜಾ ಮಿಂದು, ಪೂಜೆ ಮುಗಿಸಿ, ಇಲಿಯಿದ್ದ ಬೋನನ್ನು ತಾನೇ ಹಿಡಿದುಕೊಂಡು ಗೋದಾಮಿಗೆ ಬಂದಳು. ಎರಡು ಗೋದಾಮುಗಳ ನಡುಗೋಡೆಯಲ್ಲಿ ಒಂದು ತೂತಿದೆ. ಅದರ ಮುಂದೆ ಬೋನು ಇಟ್ಟು ಕೂತಳು. ಬಹಳ ಹೊತ್ತಿನ ಮೇಲೆ ಆ ಕಂದು ತಲೆ ಮೆಲ್ಲಗೆ ಹೊರಗೆ ಬಂತು.

"ನಿನ್ನ ವ್ರತ?" ಎಂದೆ ನಾನು, ಸುಮ್ಮನಿರಲಾರದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. ಬೋನಿನ ಬಾಗಿಲು ಎತ್ತುತ್ತ ಹಾವಿಗೆ ಹೇಳಿದಳು: "ನೀ ಉಣ್ಣವ್ವಾ. ನಾ ಸಂಜಿಗೆ ಉಣ್ತೇನಿ."