ತಪ್ಪು ತಂತಿಗೂ ತಾಳುವ ಹಾಗೆ

ಒತ್ತಡ, ಉಷ್ಣತೆ, ಕಂಪನಗಳನ್ನು ಅಳೆದು ಗಣಕಕ್ಕೆ ಒಪ್ಪಿಸುವ ಉಪಕರಣಗಳ ಕ್ಷೇತ್ರದಲ್ಲಿ ನಿಖರತೆಯ ಬೆನ್ನು ಹತ್ತಿದವರು ಬಹುಮಂದಿ. ಆ ಉಪಕರಣಕ್ಕೆ ಅಳತೆ ಮೀರಿದ ವೋಲ್ಟೇಜ್ ನುಗ್ಗಿದರೆ ಗತಿಯೇನು ಎಂದು ಜೀವಮಾನವಿಡೀ ಚಿಂತಿಸಿದವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರು, ಈ ತಿಂಗಳು ನಿವೃತ್ತರಾಗುತ್ತಿರುವ, ಪ್ರಯೋಗಾಲಯದವರೆಲ್ಲ ‘ಕಾವಲು ಮೇಡಂ’ ಎಂದು ಕರೆಯುವ ಹಿರಿಯ ಇಂಜಿನಿಯರ್. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಮಾತ್ರ ಇಂದಿಗೂ ಯಾರಿಗೂ ಇಲ್ಲ.

ಸೇವೆಗೆ ಸೇರಿದ್ದು ರಿಪೇರಿ ವಿಭಾಗದಲ್ಲಿ. ಸುಟ್ಟು ಮರಳಿದ ಉಪಕರಣಗಳ ಸರ್ಕ್ಯೂಟ್ ಕಾರ್ಡುಗಳನ್ನು ಬಿಚ್ಚುತ್ತ, ತಂತಿ ತಪ್ಪಾಗಿ ಸಿಕ್ಕಿಸಿದ ಗಿರಾಕಿಯನ್ನು ಎಲ್ಲರೂ ಬೈಯುವಾಗ, ಬೈಸಿಕೊಳ್ಳಬೇಕಾದವರು ನಾವೇ ಎಂದವರು ಅವರೊಬ್ಬರೇ. ಮುಂದೆ ವಿನ್ಯಾಸ ವಿಭಾಗಕ್ಕೆ ಬಂದಾಗ ಒಂದು ಪದ್ಧತಿ ಹಾಕಿದರು. ಹೊಸ ಕಾರ್ಡು ಸಿದ್ಧವಾದೊಡನೆ ಅದರ ಗಂಧಗಾಳಿಯಿಲ್ಲದ ಒಬ್ಬರನ್ನು ಕರೆತಂದು, ತೋಚಿದಲ್ಲಿ ತಂತಿ ಸಿಕ್ಕಿಸಿ ಎನ್ನುತ್ತಿದ್ದರು. ಈ ಪಟ್ಟ ಹೆಚ್ಚಾಗಿ ಲೆಕ್ಕಪತ್ರದ ಗುಮಾಸ್ತರಿಗೆ ಸಲ್ಲುತ್ತಿತ್ತು. ಅವರೂ ಮದುಮಗನ ಗತ್ತಿನಲ್ಲಿ ಬರುತ್ತಿದ್ದರು.

ಇಂದಿನ ಪ್ರಯೋಗಾಲಯದ ಮುಖ್ಯಸ್ಥೆ ಆಗಿನ್ನೂ ಕೆಲಸ ಖಾಯಂ ಆಗದ ತರುಣಿ; ಮನೆಯಲ್ಲಿ ದುಡಿಯುವ ಕೈ ಅವರೊಬ್ಬರದೇ. ತಂತಿ ಸಿಕ್ಕಿಸುವ ಎಂಟು ಪ್ರವೇಶಗಳಿದ್ದ ಅವರ ಮೊದಲ ಕಾರ್ಡು ಆಸ್ಪತ್ರೆಯೊಂದಕ್ಕೆ ಹೋಗಬೇಕಿತ್ತು. ಹತ್ತು ವೋಲ್ಟ್ ಅಳೆಯುವ ಪ್ರವೇಶಕ್ಕೆ ಗುಮಾಸ್ತರು ಮೋಟಾರಿನ ನಲವತ್ತೆಂಟು ವೋಲ್ಟನ್ನು ನಿಶ್ಚಿಂತೆಯಿಂದ ಸಿಕ್ಕಿಸಿದರು. ಹೆಚ್ಚಾದುದನ್ನು ಕಾವಲಿಗಿಟ್ಟ ಡಯೋಡುಗಳು ಕಾರ್ಡಿನ ವಿದ್ಯುತ್ ಪೂರೈಕೆಯ ದಾರಿಗೆ ತಿರುಗಿಸುತ್ತವೆ ಎಂದು ತರುಣಿ ನಂಬಿದ್ದರು. ತಿರುಗಿಸಿಯೂ ತಿರುಗಿಸಿದವು. ಆದರೆ ಆ ಪೂರೈಕೆಗೆ ಕೊಟ್ಟು ಗೊತ್ತೇ ಹೊರತು ತೆಗೆದುಕೊಂಡು ಗೊತ್ತಿರಲಿಲ್ಲ. ಅದರ ವೋಲ್ಟೇಜೇ ಮೇಲೇರಿ, ಒಂದಕ್ಕೆ ಬಿದ್ದ ಪೆಟ್ಟಿನಿಂದ ಎಂಟೂ ಸುಟ್ಟುಹೋದವು. ಗುಮಾಸ್ತರ ಮುಖ ಬಿಳಿಚಿಕೊಂಡಿತು.

ಸಂಸ್ಥೆಯ ಮಾಲೀಕರು ಕೆಂಡಾಮಂಡಲವಾಗಿ, ಅಂದೇ ತರುಣಿಯನ್ನು ಕೆಲಸದಿಂದ ತೆಗೆಯುವುದಾಗಿ ಎಲ್ಲರೆದುರು ಹೇಳಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

“ಅವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿಬಿಡಿ. ಸುಟ್ಟಿದ್ದು ನಮ್ಮ ಮೇಜಿನ ಮೇಲೆ, ರೋಗಿ ಪಕ್ಕದಲ್ಲಲ್ಲ. ಈ ಮೇಜು ಇರೋದೇ ಅದಕ್ಕೆ.”

ಮಾಲೀಕರು ಗೊಣಗುತ್ತಲೇ ಒಂದು ವಾರ ಕೊಟ್ಟರು. ಮೇಲೇರಿದ ವೋಲ್ಟೇಜನ್ನು ತಡೆದು ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕಿಳಿಸುವ ಝೀನರ್ ಡಯೋಡನ್ನು ಇಬ್ಬರೂ ಸೇರಿ ಪೂರೈಕೆಯ ದಾರಿಗೆ ಹಾಕಿದರು. ಪ್ರತಿ ಪ್ರವೇಶಕ್ಕೂ ನುಗ್ಗುವ ವಿದ್ಯುತ್ತನ್ನು ತಗ್ಗಿಸುವ ರೋಧಕ ಸೇರಿಸಿದರು. ಹೆದರಿದ ತರುಣಿ ಭಾರೀ ರೋಧಕವನ್ನೇ ಹಾಕಿದಾಗ ಅಳತೆ ತಪ್ಪತೊಡಗಿತು. ಕಾವಲುಗಾರ ಮನೆಯವರನ್ನೇ ಒಳಗೆ ಬಿಡದಿದ್ದರೆ ಹೇಗೆ ಎಂದು ಮೇಡಂ ನಕ್ಕು, ಎಷ್ಟು ಸಾಕೆಂಬುದನ್ನು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಗುಮಾಸ್ತರು ಮತ್ತೆ ಅದೇ ತಂತಿ ಸಿಕ್ಕಿಸಿದಾಗ ಏನೂ ಆಗಲಿಲ್ಲ. ಏನೂ ಆಗದ್ದನ್ನು ಕಂಡು ಹಾಗೆ ಹಿಗ್ಗಿದ ಆ ಮಧ್ಯಾಹ್ನ, ಕಿಟಕಿಯ ಬಿಸಿಲು, ಬೆಸುಗೆಯ ಹೊಗೆ ಮುಖ್ಯಸ್ಥೆಯವರ ಕಣ್ಣಿಗೆ ಇಂದಿಗೂ ಕಟ್ಟಿದಂತಿದೆ. ಕೆಲಸ ಉಳಿಯಿತು.

ಪೂಜ್ಯ ಮೇಡಂ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ, ಈ ವಿದ್ಯೆಯ ಬಗ್ಗೆ ಅವರು ಬರೆಯಲು ಹೊರಟಿರುವ ಪಠ್ಯಪುಸ್ತಕ ಬೇಗ ಕೈಸೇರಲಿ, ಅವರ ಬೈಗುಳವೂ ನಮಗೆ ಆಗಾಗ ದಕ್ಕುತ್ತಿರಲಿ. ಅವರನ್ನು ಸೇವೆಯಿಂದ ಬಿಡುಗಡೆ ಮಾಡುವ ಆದೇಶಕ್ಕೆ ಸಹಿ ಹಾಕಬೇಕಾದವರು, ಅಂದು ಅವರು ಹೋಗಗೊಡದೆ ಉಳಿಸಿಕೊಂಡ ಆ ತರುಣಿಯೇ. ಆದೇಶ ಮೇಜಿನ ಮೇಲಿದೆ. ಸಹಿ ಇನ್ನೂ ಬಿದ್ದಿಲ್ಲ.