ಮೂರೂಕಾಲರ ನಳ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ಸದಾಶಿವ ಪೇಠೆಯ ಟ್ಯೂಶನ್ ಕ್ಲಾಸೊಂದರಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅದು ಸಹಜವೂ ಹೌದು. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ತನ್ನದೊಂದನ್ನು ಕೊಡಲು ಮುಂದೆ ಬಂದವಳು ಅವ್ವ, ಅರವತ್ತನಾಲ್ಕು ವರ್ಷದವಳು. ವಯಸ್ಸಾದ ಕಿಡ್ನಿ, ತಡವಾಗಿ ಕೆಲಸ ಶುರು ಮಾಡಬಹುದು, ಬಹಳ ವರ್ಷ ಬಾಳದೆಯೂ ಇರಬಹುದು ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಅವ್ವ ನನ್ನ ಕಡೆ ತಿರುಗಿ, “ಅರವತ್ನಾಕ ವರ್ಷ ಒಂದ ದಿನಾನೂ ಸೂಟಿ ತಗೊಂಡಿಲ್ಲ ಅದು. ನಿನ್ನ ಕಡೆ ಬಂದು ಯಾಕ ತಗೋತದ?” ಎಂದಳು.

ಅದು ಸೂಟಿ ಹಾಕಿಯೇ ಬಿಟ್ಟಿತು. ಆಪರೇಶನ್ ಆಗಿ ಏಳು ದಿನ ಕಳೆದರೂ ಹಾಸಿಗೆ ಪಕ್ಕದ ಮೂತ್ರದ ಚೀಲ ಬರಿದೇ ಇತ್ತು. ಕಿಡ್ನಿ ಇನ್ನೂ ಮಲಗಿದೆ, ಏಳುತ್ತದೆ ಎನ್ನುತ್ತ ಡಯಾಲಿಸಿಸ್ ಮುಂದುವರಿಸಿದರು. ನನಗೋ ಸಾವಿನ ಭಯ. ಅದಕ್ಕಿಂತ ಹೆಚ್ಚಾಗಿ, ಅವ್ವನ ಹೊಟ್ಟೆ ಕೊಯ್ಯಿಸಿದ್ದು ದಂಡವಾಯಿತಲ್ಲ ಎಂಬ ನಾಚಿಕೆ. ಎಂಟನೆಯ ದಿನ ಮಧ್ಯಾಹ್ನ ಚೀಲಕ್ಕೆ ಹನಿ ಬೀಳತೊಡಗಿತು. ಗಡಿಯಾರ ನೋಡಿದೆ, ಮೂರೂಕಾಲು. ಹತ್ತಾರು ಬಿಡಾರಗಳಿದ್ದ ನಮ್ಮ ಹಳೆಯ ವಾಡೆಯ ನಳಕ್ಕೆ ನೀರು ಬಿಡುವ ಹೊತ್ತು. ಮೂವತ್ತು ವರ್ಷ ದಿನಾ ಆ ಹೊತ್ತಿಗೆ ಅವ್ವ “ನಳ ಬಂತು” ಎನ್ನುತ್ತ ಕೊಡ ಹಿಡಿದು ಏಳುತ್ತಿದ್ದಳು.

ಅಂದಿನಿಂದ ದಿನಾ ಮೂರೂಕಾಲಿಗೆ ನನಗೆ ತಡೆಯಲಾಗದ ಮೂತ್ರದ ಅವಸರ. ವಾಡೆಯಿಂದ ದೂರ, ಕಾತ್ರಜದ ನನ್ನ ಮನೆಯಲ್ಲಿರಲಿ, ಕ್ಲಾಸಿನಲ್ಲಿರಲಿ, ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ದಿನಾ ನುಂಗುವ ಗುಳಿಗೆಯ ವೇಳೆಗೆ ಕಿಡ್ನಿ ಹೊಂದಿಕೊಂಡಿದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಅವ್ವನ ಮುಂದೆಯೂ.

ಆರು ವರ್ಷದ ಮೇಲೆ ಒಂದು ದಿನ ಮೂರೂಕಾಲಾಯಿತು, ನಾಲ್ಕಾಯಿತು, ಏನೂ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ ಅವಸರವಾಗಿತ್ತು, ಅಷ್ಟೇ. ಡಾಕ್ಟರರ ಮಾತು ನೆನಪಾಯಿತು. ಮರುದಿನವೂ ಹನ್ನೊಂದಕ್ಕೇ. ರಕ್ತ ಪರೀಕ್ಷೆಗೆ ಕೊಟ್ಟು, ವರದಿ ಬರುವವರೆಗೆ ಕೂರಲಾಗದೆ ಅವ್ವನಿದ್ದ ವಾಡೆಗೆ ಹೋದೆ. ಮೂರೂವರೆಯಾಗಿತ್ತು. ಅವ್ವ ಮಲಗಿದ್ದಳು. ಆ ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಹೆದರಿ ಅಲುಗಾಡಿಸಿದೆ.

“ನಳ ಬಂದಿರಬೇಕಲ್ಲ ಅವ್ವಾ, ಏಳಲಿಲ್ಲೇನು?”

“ನಿನ್ನೆಯಿಂದ ಹನ್ನೊಂದಕ್ಕ ಬಿಡ್ತಾರ. ನನ್ನ ನಿದ್ದಿ ಉಳೀತು ನೋಡು,” ಎಂದಳು. “ಯಾಕ, ಮಾರಿ ಹಿಂಗ್ಯಾಕ ಆಗೇದ?”

ಸಂಜೆ ವರದಿ ಬಂತು, ಎಲ್ಲ ಸರಿಯಾಗಿತ್ತು.

ಅವ್ವ ಹೋಗಿ ಈಗ ಬಹಳ ವರ್ಷ. ವಾಡೆ ಕೆಡವಿ ಕಟ್ಟಿದ ಫ್ಲ್ಯಾಟುಗಳಲ್ಲಿ ನೀರಿಗಾಗಿ ಯಾರೂ ಕಾಯುವುದಿಲ್ಲ. ಬಾಳಲಿಕ್ಕಿಲ್ಲ ಎನಿಸಿಕೊಂಡ ಕಿಡ್ನಿ ಮಾತ್ರ ದಿನಾ ಹನ್ನೊಂದಕ್ಕೆ ಏಳುತ್ತದೆ. ಗುಳಿಗೆಯ ವೇಳೆ ಎಂದೂ ಬದಲಾಗಿಲ್ಲ. ಹಾಗಾದರೆ ಇದು ಏನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಹತ್ತೂವರೆಯಾದರೆ ಸಾಕು, ನಿಂತಲ್ಲಿ ನಿಲ್ಲಲಾರೆ. ಇವತ್ತು ಬರದಿದ್ದರೆ ಎಂಬ ಭಯ. ಬಂದಾಗ ಬಚ್ಚಲ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳದ ಹಾಗೆ, “ನಳ ಬಂತು ಅವ್ವಾ” ಅನ್ನುತ್ತೇನೆ.